ಬಟ್ಟಲಿನ ಹಾಡು ಹಾಡಿದವಳು

"ಗುರುಗಳೇ, ಒಳಗೆ ಏನೂ ಇಲ್ಲದೆ ಹಾಡುವುದು ಕೇಳುವವರಿಗೆ ಬಗೆಯುವ ಮೋಸವಲ್ಲವೇ?" ಎಂದು ಶಿಷ್ಯ ಕೇಳಿದ.

ಅವನು ಇಪ್ಪತ್ತಾರು ವರ್ಷಗಳಿಂದ ಮಠದಲ್ಲಿ ಪದ ಹಾಡುತ್ತಿದ್ದ. ಸಾವಾದ ಮನೆಗಳಿಂದಲೂ ಅವನಿಗೆ ಕರೆ ಬರುತ್ತಿತ್ತು. ಮೊದಮೊದಲು ಹಾಡುತ್ತ ಹಾಡುತ್ತ ಅವನ ಕಣ್ಣು ತುಂಬುತ್ತಿತ್ತು. ಈಗ ಬಾಯಿ ತನ್ನಷ್ಟಕ್ಕೆ ಹಾಡುತ್ತಿತ್ತು, ಮನಸ್ಸು ಬೇರೆಲ್ಲೋ ಇರುತ್ತಿತ್ತು. ಇನ್ನು ಹಾಡುವುದನ್ನು ಬಿಡುತ್ತೇನೆ ಎಂದು ಹೇಳಲೆಂದೇ ಬಂದಿದ್ದ.

ಗುರು ಅವನನ್ನು ಹತ್ತಿರ ಕೂರಿಸಿಕೊಂಡರು. ಒಂದು ಕತೆ ಹೇಳಿದರು.

ಚೀನಾ ದೇಶದ ಉತ್ತರದಲ್ಲಿ ಹಳದಿ ಮಣ್ಣಿನ ಗುಡ್ಡಗಳಿವೆ. ಅಲ್ಲಿ ಗುಯಿಲಾನ್ ಎಂಬ ಹುಡುಗಿ ಇದ್ದಳು. ಅವಳ ತಾಯಿ ನವಣೆ ಕೇರುತ್ತ ಒಂದು ಹಾಡು ಹೇಳುತ್ತಿದ್ದಳು. ದುಡಿಯಲು ಹೋದ ಗಂಡ ಮರಳಿಲ್ಲ. ಹೆಂಡತಿ ದಿನವೂ ಅವನ ಬಟ್ಟಲನ್ನು ತೊಳೆದು ಬೋರಲು ಹಾಕುತ್ತಾಳೆ. ಹಾಡು ಅಷ್ಟೇ. ಮಗಳು ಅದನ್ನು ಕೇಳಿ ಕೇಳಿಯೇ ಕಲಿತಳು. ಅವಳಿಗೆ ಹದಿನೇಳು ತುಂಬಿದಾಗ ನಗರದ ಸಂಗೀತ ಮಂಡಳಿಯವರು ಆ ಕಡೆ ಬಂದರು. ಅವಳ ದನಿ ಕೇಳಿ ತಮ್ಮೊಡನೆ ಕರೆದೊಯ್ದರು.

ನಗರದಲ್ಲಿ ಅವಳನ್ನು ಶಾಸ್ತ್ರೀಯ ಗೀತನಾಟಕದ ಹಳೆಯ ಗಾಯಕಿಯೊಬ್ಬಳ ಕೈಗೆ ಒಪ್ಪಿಸಿದರು. ಆಕೆ ಎರಡು ವರ್ಷ ಒಂದು ಹಾಡನ್ನೂ ಹೇಳಿಕೊಡಲಿಲ್ಲ. ಚಳಿಗಾಲದ ಮುಂಜಾನೆ ಹಳೆಯ ಕೋಟೆಗೋಡೆಗೆ ಮುಖ ಮಾಡಿ ನಿಲ್ಲಿಸುತ್ತಿದ್ದಳು. ಸ್ವರದ ಜೊತೆ ಹೊರಬಿದ್ದ ಉಸಿರು ಕಲ್ಲಿನ ಮೇಲೆ ಹೆಪ್ಪುಗಟ್ಟಿ ಬೆಳ್ಳಗೆ ಕಾಣುವವರೆಗೆ ಕದಲುವಂತಿರಲಿಲ್ಲ. ಹುಡುಗಿಯ ಒರಟು ದನಿ ನಯವಾಯಿತು. ಜ್ವರವಿರಲಿ, ನೆಗಡಿಯಿರಲಿ, ಸ್ವರ ತನ್ನ ಜಾಗಕ್ಕೆ ತಾನೇ ಹೋಗಿ ನಿಲ್ಲುವಂತಾಯಿತು.

ಆಮೇಲೆ ಮೂವತ್ತಮೂರು ವರ್ಷ ಅವಳು ಊರೂರು ತಿರುಗಿದಳು. ಕಾರ್ಖಾನೆಯ ಅಂಗಳಗಳಲ್ಲಿ, ಸೈನಿಕರ ಶಿಬಿರಗಳಲ್ಲಿ, ರೇಡಿಯೋದಲ್ಲಿ, ದೊಡ್ಡ ರಂಗಮಂದಿರಗಳಲ್ಲಿ ಹಾಡಿದಳು. ನೂರಾರು ಹಾಡು ಕಲಿತಿದ್ದಳು. ಆದರೆ ಹೋದಲ್ಲೆಲ್ಲ ಜನ ಕೇಳುತ್ತಿದ್ದುದು ಬಟ್ಟಲಿನ ಹಾಡನ್ನೇ. ಮೊದಲ ಕೆಲವು ವರ್ಷ ಹಾಡುವಾಗ ಅವಳಿಗೆ ತಾಯಿಯ ಮೊರ ಕಾಣುತ್ತಿತ್ತು. ಬರುಬರುತ್ತ ಅದೂ ಕಾಣದಾಯಿತು. ಎದುರಿನ ಸಾವಿರ ಜನ ಕಣ್ಣೊರೆಸಿಕೊಳ್ಳುವಾಗ ಅವಳು ಒದ್ದೆಯಾದ ತನ್ನ ಬೂಟುಗಳನ್ನೋ, ಮರುದಿನದ ರೈಲನ್ನೋ ನೆನೆಯುತ್ತಿದ್ದಳು. ಯಾರಿಗೂ ಅದು ತಿಳಿಯುತ್ತಿರಲಿಲ್ಲ.

ಒಂದು ಸಲ ಬಂದರಿನ ಊರೊಂದರಲ್ಲಿ ಅವಳು ವೇದಿಕೆಯ ಹಿಂದೆ ಜಡೆ ಹಾಕಿಕೊಳ್ಳುತ್ತಿದ್ದಳು. ಆಗ ತಾಯಿ ತೀರಿಕೊಂಡ ಸುದ್ದಿ ಬಂತು. ಹಳ್ಳಿ ಎರಡು ದಿನದ ದಾರಿ. ಜನ ಸೇರಿಬಿಟ್ಟಿದ್ದರು. ಅವಳು ಹೋಗಿ ಹಾಡಿದಳು. ಬಟ್ಟಲು ಬೋರಲು ಹಾಕುವ ಸಾಲು ಬಂದಾಗ ಇಲ್ಲಾದರೂ ಗಂಟಲು ಬಿಗಿಯಬಹುದು ಎಂದು ಕಾದಳು. ಬಿಗಿಯಲಿಲ್ಲ. ಸ್ವರ ಎಂದಿನಂತೆ ತನ್ನ ಜಾಗಕ್ಕೆ ಹೋಗಿ ನಿಂತಿತು. ಅಂದಿನಿಂದ ಅವಳಿಗೆ ತನ್ನ ಕಂಠದ ಮೇಲೆಯೇ ಹೇಸಿಗೆ ಹುಟ್ಟಿತು.

ಹೇಸುತ್ತಲೇ ಇನ್ನೂ ಒಂಬತ್ತು ವರ್ಷ ಹಾಡಿದಳು. ಕೊನೆಗೆ ಒಂದು ದಿನ ಮಂಡಳಿಯ ಮುಖ್ಯಸ್ಥನಿಗೆ, "ನನಗೆ ಸಾಕಾಗಿದೆ. ಇನ್ನು ಬಿಟ್ಟುಬಿಡಿ" ಎಂದಳು. ಅವನೂ ಒಪ್ಪಿದ.

ಕೊನೆಯ ಕಾರ್ಯಕ್ರಮ ಕಲ್ಲಿದ್ದಲು ಗಣಿಯ ಒಂದು ಊರಿನಲ್ಲಿತ್ತು. ಮಧ್ಯಾಹ್ನದ ಹೊತ್ತು. ಸಭಾಂಗಣದಲ್ಲಿ ಅರ್ಧಕ್ಕರ್ಧ ಕುರ್ಚಿಗಳು ಖಾಲಿ. ಅವಳಿಗೆ ಬೆಳಗಿನಿಂದ ದವಡೆ ಹಲ್ಲು ನೋಯುತ್ತಿತ್ತು. ಹಲ್ಲಿನ ಮೇಲೆಯೇ ಮನಸ್ಸಿಟ್ಟು ಬಟ್ಟಲಿನ ಹಾಡನ್ನು ಹಾಡಿ ಮುಗಿಸಿದಳು. ಸದ್ಯ, ಮುಗಿಯಿತು ಅನಿಸಿತು. ಅದರಾಚೆ ಏನೂ ಅನಿಸಲಿಲ್ಲ.

ಅವಳು ಹಿಂಬಾಗಿಲಿನಿಂದ ಹೊರಗೆ ಬಂದಾಗ ಒಬ್ಬ ಹೆಂಗಸು ಕಾಯುತ್ತಿದ್ದಳು. ಗಣಿಯ ಅಡುಗೆಮನೆಯಲ್ಲಿ ಕೆಲಸ ಮಾಡುವವಳು. ಕೈಯಲ್ಲಿ ಇನ್ನೂ ಹಿಟ್ಟು ಮೆತ್ತಿಕೊಂಡಿತ್ತು.

"ಅಕ್ಕಾ, ನನ್ನ ಗಂಡ ಗಣಿಯೊಳಗೆ ಇಳಿದು ಹನ್ನೊಂದು ವರ್ಷವಾಯಿತು" ಎಂದಳು ಆ ಹೆಂಗಸು. "ಮೇಲೆ ಬರಲಿಲ್ಲ. ಹೆಣವೂ ಸಿಗಲಿಲ್ಲ. ಎಲ್ಲರೂ ಅತ್ತರು, ನನಗೆ ಅಳು ಬರಲಿಲ್ಲ. ಕಲ್ಲು ಎಂದರು. ಇವತ್ತು ಅತ್ತೆ. ಹೀಗೆ ಹಾಡಬೇಕಾದರೆ ನೀವು ಎಷ್ಟು ನೋವು ಉಂಡಿದ್ದೀರೋ."

ಗುಯಿಲಾನ್ ಮೂವತ್ತಮೂರು ವರ್ಷ ಇಂಥ ಮಾತಿಗೆ ತಲೆಬಾಗಿ ನಕ್ಕು ಮುಂದೆ ಹೋಗಿದ್ದಳು. ಅಂದು ಅಷ್ಟು ನಟಿಸಲೂ ತ್ರಾಣವಿರಲಿಲ್ಲ.

"ನನಗೆ ಏನೂ ಅನಿಸಲಿಲ್ಲ, ತಂಗಿ" ಎಂದಳು. "ಹಾಡುವಾಗ ನಾನು ನನ್ನ ಹಲ್ಲುನೋವನ್ನು ನೆನೆಯುತ್ತಿದ್ದೆ. ಬಹಳ ವರ್ಷದಿಂದ ನನಗೆ ಏನೂ ಅನಿಸುವುದಿಲ್ಲ. ನಿನಗೆ ಮೋಸ ಮಾಡಿದೆ."

ಹೆಂಗಸು ಸಿಟ್ಟಾಗಲಿಲ್ಲ. ಆ ಮಾತು ತನಗೆ ಸಂಬಂಧಿಸಿದ್ದೇ ಅಲ್ಲ ಎನ್ನುವಂತೆ ಕೇಳಿಸಿಕೊಂಡಳು. ಆಮೇಲೆ ಕೈಯ ಹಿಟ್ಟನ್ನು ಅಂಗಿಯಂಚಿಗೆ ಒರೆಸುತ್ತ ಮೆಲ್ಲನೆ ಕೇಳಿದಳು:

"ನಾಳೆ ಇನ್ನೊಂದು ಸಲ ಹಾಡುತ್ತೀರಾ? ಪಕ್ಕದ ಮನೆಯವಳಿಗೆ ಇವತ್ತು ಕೆಲಸವಿತ್ತು, ಬರಲಾಗಲಿಲ್ಲ. ಅವಳ ಗಂಡನೂ ಅವತ್ತು ನನ್ನವನ ಜೊತೆಗೇ ಇಳಿದಿದ್ದ."

ಗುಯಿಲಾನ್‌ಗೆ ಇನ್ನು ಹಾಡಲು ಮನಸ್ಸಿರಲಿಲ್ಲ. ಆದರೂ ಗಣಿಯ ಅಡುಗೆಮನೆಗೆ ದಾರಿ ಯಾವುದೆಂದು ಕೇಳಿಕೊಂಡಳು.

ಮರುದಿನ ಬೆಳಗಿನ ರೈಲಿಗೆ ಮಂಡಳಿಯವರೆಲ್ಲ ಹೊರಟರು. ಅವಳೊಬ್ಬಳು ಉಳಿದಳು. ಮಧ್ಯಾಹ್ನ ಗಣಿಯ ಅಡುಗೆಮನೆಗೆ ಹೋದಳು. ಅಲ್ಲಿ ವೇದಿಕೆಯಿಲ್ಲ, ವಾದ್ಯವಿಲ್ಲ. ಎರಡು ಒಲೆಗಳ ನಡುವೆ ಒಂದು ಮಣೆ ಹಾಕಿದ್ದರು. ಕೇಳುವವರು ಇಬ್ಬರೇ. ಅವಳ ಹಲ್ಲು ಇನ್ನೂ ನೋಯುತ್ತಿತ್ತು. ಕುಳಿತುಕೊಂಡು, ಉಸಿರು ತೆಗೆದುಕೊಂಡು, ಬಟ್ಟಲಿನ ಹಾಡನ್ನು ಮೊದಲಿನಿಂದ ಕೊನೆಯವರೆಗೆ ಹಾಡಿದಳು.

ಗುರು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ಕೇಳಿದ:

"ಆ ಎರಡನೆಯ ದಿನವಾದರೂ, ಹಾಡುವಾಗ, ಅವಳಿಗೆ ಏನಾದರೂ ಅನಿಸಿತೇ?"

ಗುರು ಅವನ ಕಡೆ ತಿರುಗಿ ಹೇಳಿದರು: "ಪಕ್ಕದ ಮನೆಯವಳು ಅತ್ತಳೇ ಎಂದು ನೀನು ಕೇಳಲಿಲ್ಲ."