ಒಣಕೊಂಬೆಯ ಒಕ್ಕಲು

ನಮ್ಮ ಅಡವಿಗುರುಗಳ ಆಶ್ರಮದಲ್ಲಿ ನನ್ನಷ್ಟು ಚುರುಕು ಕಣ್ಣಿನವನು ಇನ್ನೊಬ್ಬನಿರಲಿಲ್ಲ. ಹೊಳೆಯಾಚೆ ಇರುವೆ ಆಕಳಿಸಿದರೆ ಈಚೆ ದಡದಲ್ಲಿ ನನಗೆ ಕಾಣುತ್ತಿತ್ತು. ಸುಳ್ಳೆನ್ನಲು ಆಗಿನವರು ಯಾರೂ ಈಗಿಲ್ಲ.

ಅಲ್ಲೊಂದು ಕಟ್ಟಳೆಯಿತ್ತು. ಒಣಕೊಂಬೆ ಕಡಿಯುವ ಮೊದಲು ಅದನ್ನು ಅಂಗೈಯಿಂದ ತಟ್ಟಿ, “ಇಲ್ಲಿರುವವರೇ, ಬೇರೆ ಕಡೆ ಹೋಗಿರಪ್ಪಾ” ಎಂದು ಕೇಳಿಕೊಳ್ಳಬೇಕು. ಕೊಡಲಿ ಆಮೇಲೆ.

ಮಳೆಗಾಲದ ಬಾಯಲ್ಲಿ ಶಿಷ್ಯ ಚೆನ್ನಮಲ್ಲ ಅತ್ತಿಮರದ ಕೊಂಬೆ ತಟ್ಟಿದ. ಅಳಿಲು ಓಡಿತು. ಇರುವೆ ಇಳಿದವು.

“ಖಾಲಿಯಾಯ್ತು ಗುರುಗಳೇ. ಸೌದೆ ಇಡೋಕೆ ಕೊಟ್ಟಿಗೆಯನ್ನೂ ಇವತ್ತೇ ಖಾಲಿ ಮಾಡಿಸುತ್ತಿದ್ದೇನೆ.”

ಆ ಕೊಟ್ಟಿಗೆಯಲ್ಲಿ ಸಾವಂತ್ರವ್ವ ಎಂಬ ದಿಕ್ಕಿಲ್ಲದ ಮುದುಕಿ ಮಲಗುತ್ತಿದ್ದಳು.

“ಅವಳಿಗೆ ಹೇಳಿದೆಯಾ?”

“ಕಟ್ಟಳೆಯಂತೆ ಬಾಗಿಲು ತಟ್ಟಿ, ಕೈಮುಗಿದೇ ಹೇಳಿದೆ. ಗಂಟು ಕಟ್ಟುತ್ತಿದ್ದಾಳೆ.”

ಗುರುಗಳು ಹೆಗಲ ಮೇಲಿನ ಬಿಳಿ ವಸ್ತ್ರವನ್ನು ಕೊಂಬೆಯಡಿ ಹಾಸಿ, ತೊಗಟೆಯ ಚೂರೊಂದನ್ನು ಎಬ್ಬಿಸಿ ಕೊಡವಿದರು.

ಕರಿ ಚುಕ್ಕೆಗಳು ಬಿದ್ದವು. ಎಳ್ಳನ್ನು ಸೀಳಿದರೂ ಅಷ್ಟು ತೆಳ್ಳಗಾಗದು. ಬಿದ್ದ ಚುಕ್ಕೆಗಳು ಬಾಲವೆತ್ತಿ ನಡೆದವು.

“ನುಸಿ! ಮೆಣಸಿನಗಿಡದ ಎಲೆ ಮುರುಟಿಸುತ್ತದಲ್ಲ, ಅದೇನಾ?” ಎಂದ ಚೆನ್ನಮಲ್ಲ.

“ಅದರ ದಾಯಾದಿ. ಇದು ಹಸಿ ಎಲೆ ಮುಟ್ಟದು. ಸತ್ತ ಕೊಂಬೆಯ ಬೂಷ್ಟು ತಿಂದು ತೊಗಟೆಯಡಿಯೇ ಬಾಳುತ್ತದೆ. ಇದಕ್ಕೊಂದು ಹೆಸರಿಟ್ಟವರನ್ನೂ ನಾನು ಕಾಣೆ.”

ಆ ನುಸಿಯ ರೆಕ್ಕೆಯಂಚಿಗೆ ಕೂದಲಿನ ಕುಚ್ಚಿತ್ತು. ಒಂದೊಂದು ಎಳೆಯನ್ನೂ ನಾನು ನಿಂತಲ್ಲಿಂದಲೇ ನೋಡಿದೆ.

ಇಷ್ಟು ಹೇಳುವಾಗ ಮೊಮ್ಮಗಳು ಪಾರಿ ತಡೆದಳು. “ಅಜ್ಜಾ, ಅವತ್ತು ನೀನು ಹಿಟ್ಟು ಬೀಸಿಸೋಕೆ ಊರಿಗೆ ಹೋಗಿದ್ದೆ ಅಂತ ಮೊನ್ನೆ ನೀನೇ ಹೇಳಿದ್ದೆ!”

ನಾನು ಹೆಗಲು ಕುಣಿಸಿದೆ. “ಹೋಗಿದ್ದೆ ಕಣೇ. ಕಣ್ಣು ಅಲ್ಲೇ ಬಿಟ್ಟು ಹೋಗಿದ್ದೆ.”

ಇರಲಿ. ಚೆನ್ನಮಲ್ಲ ಆ ಚುಕ್ಕೆಗಳನ್ನೇ ನೋಡುತ್ತ ನಿಂತ.

“ಹೋಗಿ ಅಂತ ಕೇಳಿಕೊಂಡೆನಲ್ಲ ಗುರುಗಳೇ. ಇವು ಯಾಕೆ ಹೋಗಲಿಲ್ಲ?”

“ಎಲ್ಲಿಗೆ ಅಂತ ಹೇಳಿದ್ದೆ?”

ಚೆನ್ನಮಲ್ಲ ಕೊಟ್ಟಿಗೆಯ ಕಡೆ ತಿರುಗಿದ. ಸಾವಂತ್ರವ್ವ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಹೊಸ್ತಿಲಲ್ಲಿ ಕೂತಿದ್ದಳು. ಏಳುವ ಹಾಗೆ ಕಾಣಲಿಲ್ಲ; ಕೂತಿರುವ ಹಾಗೂ ಇರಲಿಲ್ಲ.

ಅವನು ಕೊಡಲಿ ಕೆಳಗಿಟ್ಟ.

“ಆದರೆ ಗುರುಗಳೇ, ಮೋಡ ಕವಿದಿದೆ. ಕಡಿದಿಟ್ಟ ಸೌದೆಯೆಲ್ಲ ಅಂಗಳದಲ್ಲಿದೆ. ನೆಂದರೆ ನಾಳೆ ಒಲೆ ಹತ್ತುವುದಿಲ್ಲ. ಎಲ್ಲಿಡಲಿ?”

ಗುರುಗಳು ವಸ್ತ್ರವನ್ನು ಕೊಂಬೆಯ ಮೇಲೆ ಮೆಲ್ಲಗೆ ಒದರಿ, ತೊಗಟೆಯ ಚೂರನ್ನು ಮೊದಲಿದ್ದಲ್ಲೇ ಒತ್ತಿದರು.

“ನನ್ನ ಕೋಣೆಯಲ್ಲಿಡು. ನನಗೆ ಹೋಗೋಕೆ ಬೇಕಾದಷ್ಟು ಜಾಗ ಇದೆ.”