ಟೈರ್ ಗೋಡೆಯ ಮನೆ

ಹೊಳೆದಂಡೆಯಲ್ಲಿ ಮುಚ್ಚಿಹೋದ ಹಂಚಿನ ಕಾರ್ಖಾನೆಯೊಂದಿತ್ತು. ಅದರ ದೊಡ್ಡ ಶೆಡ್ಡಿನೊಳಗೆ ಬೋಪಯ್ಯ ಉಸ್ತಾದರು ಒಂದು ಮನೆ ಕಟ್ಟಿಸಿದ್ದರು.

ಹಳೆಯ ಲಾರಿ ಟೈರುಗಳನ್ನು ಪೇರಿಸಿ, ಒಳಗೆ ಮಣ್ಣು ತುಂಬಿ ಮಾಡಿದ ಗೋಡೆಗಳು. ನಾಲ್ಕು ಕೋಣೆ. ಮೇಲೆ ಸೂರಿಲ್ಲ, ನಿಂತು ನೋಡಲು ಹಲಗೆಯ ಅಟ್ಟಣಿಗೆ. ಮನೆಯೊಳಗೆ ನುಗ್ಗಿ ಹೋರಾಡುವುದನ್ನು ಪೊಲೀಸ್ ಕಮಾಂಡೋಗಳು ಅಲ್ಲಿ ಅವರಿಂದ ಕಲಿಯುತ್ತಿದ್ದರು.

ಕೋಣೆಗಳಲ್ಲಿ ರಟ್ಟಿನ ಮನುಷ್ಯರು ನಿಂತಿರುತ್ತಿದ್ದರು. ಬಂದೂಕು ಹಿಡಿದ ರಟ್ಟಿಗೆ ಗುಂಡು ಹೊಡೆಯಬೇಕು. ಬರಿಗೈಯ ರಟ್ಟನ್ನು ಬಿಡಬೇಕು.

ಶಿಷ್ಯರಲ್ಲಿ ಹೊನ್ನೂರಸ್ವಾಮಿಯೇ ಎಲ್ಲರಿಗಿಂತ ಚುರುಕು. ನಾಲ್ಕು ಕೋಣೆಗೆ ಅವನಿಗೆ ಹನ್ನೊಂದು ಸೆಕೆಂಡು ಸಾಕಿತ್ತು.

ಅಂಥವನಿಗೂ ಉಸ್ತಾದರು ಮೇಲಿನಿಂದ ಕೂಗುತ್ತಿದ್ದರು, "ಇನ್ನೂ ಬೇಗ!"

ಆಷಾಢದಲ್ಲಿ ಒಂದು ಬೆಳಿಗ್ಗೆ ನಿಜವಾದ ಕರೆ ಬಂತು. ಬಂದೂಕು ಹಿಡಿದ ಇಬ್ಬರು ಯಾರದೋ ಮನೆ ಹೊಕ್ಕು, ಗಂಡ ಹೆಂಡತಿಯನ್ನು ಬೇರೆ ಬೇರೆ ಕೋಣೆಯಲ್ಲಿ ಕೂಡಿಹಾಕಿದ್ದರು. ತಂಡ ಬಾಗಿಲು ಒಡೆದು ಒಳನುಗ್ಗಿತು. ಪಡಸಾಲೆಯಲ್ಲಿ ಆ ಇಬ್ಬರೂ ಬಿದ್ದರು. ಮುಂದಿನ ಕೋಣೆಗೆ ನುಗ್ಗಿದ ಹೊನ್ನೂರ ಅಲ್ಲಿ ನಿಂತಿದ್ದವನಿಗೆ ಗುಂಡು ಹೊಡೆದ.

ಆತ ಮನೆಯ ಯಜಮಾನ ದೇವೇಂದ್ರಪ್ಪ. ಮದುವೆ ಬ್ಯಾಂಡಿನಲ್ಲಿ ಕ್ಲಾರಿಯೋನೆಟ್ ಊದುತ್ತಿದ್ದವನು.

"ಕೋಣೆ ಕತ್ತಲಾಗಿತ್ತು, ಅವನ ಕೈ ಕಾಣಲಿಲ್ಲ ಅಂತ ಬರಿ," ಎಂದರು ಮೇಲಧಿಕಾರಿ.

ಹೊನ್ನೂರ ಹಾಗೇ ಬರೆದು ಸಹಿ ಹಾಕಿದ. ಯಾರ ತಪ್ಪೂ ಇಲ್ಲವೆಂದು ತೀರ್ಮಾನವಾಯಿತು.

ಅವನು ಟೈರ್ ಗೋಡೆಯ ಮನೆಗೆ ಮರಳಿದ. ಬೆಳಗ್ಗೆ, ಮಧ್ಯಾಹ್ನ, ಸಂಜೆ ಒಂದೇ ಸಮನೆ ಓಡಿದ. ಹತ್ತು ಸೆಕೆಂಡಿಗೆ ಇಳಿಸಿದ. ಆರನೆಯ ದಿನ ಅಟ್ಟಣಿಗೆ ಹತ್ತಿ ಉಸ್ತಾದರ ಎದುರು ನಿಂತ.

"ನಾನು ಎಲ್ಲಿ ತಪ್ಪಿದೆ, ಉಸ್ತಾದರೇ?"

"ನೀನು ಗುಂಡು ಹೊಡೆದ ಆ ಕೋಣೆಯಲ್ಲಿ ಏನೇನಿತ್ತು ಹೇಳು."

"ಬಾಗಿಲು ಎಡಕ್ಕೆ ತೆರೆಯುತ್ತೆ. ಮೂಲೆಗೆ ನಾಲ್ಕು ಹೆಜ್ಜೆ. ಬಲಕ್ಕೆ ಕಿಟಕಿ."

"ಮತ್ತೆ?"

"ಅಷ್ಟೇ."

"ಬೇಗ ಬೇಗ ಅಂತ ಕೂಗಿದವನು ನಾನೇ," ಎಂದರು ಉಸ್ತಾದರು. "ಹೋಗು. ಆ ಮನೆಗೆ ಈ ಸಲ ಬಾಗಿಲು ತಟ್ಟಿ ಹೋಗು."

ಬಾಗಿಲು ತೆರೆದವಳು ದೇವೇಂದ್ರಪ್ಪನ ಹೆಂಡತಿ ಚಂದ್ರಮ್ಮ. ಹೊನ್ನೂರ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಅವಳ ಮುಖ ನೋಡಿದ್ದೇ ಮರೆತುಹೋಯಿತು.

"ಗುಂಡು ಹೊಡೆದವನು ನಾನು," ಎಂದ.

ಅವಳು ಬಯ್ಯಲಿಲ್ಲ. ಬಾಗಿಲನ್ನೂ ಹಾಕಲಿಲ್ಲ. ಒಂದೇ ಮಾತು ಕೇಳಿದಳು.

"ಅವರು ಕೈ ಎತ್ತಿರಲಿಲ್ಲವಾ?"

ಅವಳೇ ಮುಂದುವರಿಸಿದಳು.

"ಪೊಲೀಸರು ಬಂದರೆ ಎರಡೂ ಕೈ ಎತ್ತಿ ಅಂತ ಗೋಡೆಯಾಚೆಯಿಂದ ನಾನೇ ಕೂಗಿ ಹೇಳಿದ್ದೆ. ಕೈ ಕಾಣಲಿಲ್ಲ ಅಂತ ಪೊಲೀಸರ ಕಾಗದದಲ್ಲಿದೆ, ಅಂದರೆ ಎತ್ತಿಲ್ಲ. ನನ್ನ ಮಾತು ಯಾವತ್ತು ಕೇಳಿದ್ದೀರಿ ಅಂತ ಇಷ್ಟು ದಿನ ಅವರ ಫೋಟೋ ಮುಂದೆ ನಿಂತು ಬೈತಾ ಇದ್ದೀನಿ."

ಹೊನ್ನೂರ ಜಗುಲಿಯ ಕಂಬ ಹಿಡಿದುಕೊಂಡ.

"ಎತ್ತಿದ್ದರು ಅಮ್ಮಾ. ಎರಡೂ ಕೈ. ಬೆಳಕೂ ಇತ್ತು. ನನ್ನ ಕಣ್ಣಿಗೆ ಕಾಣೋ ಹೊತ್ತಿಗೆ ಬೆರಳು ಒತ್ತಿಬಿಟ್ಟಿತ್ತು."

ಚಂದ್ರಮ್ಮ ಹೊಸ್ತಿಲ ಮೇಲೆ ಕುಸಿದು ಕೂತಳು.

"ನನ್ನ ಮಾತು ಕೇಳಿದ್ದರು ಹಾಗಾದರೆ," ಎಂದಳು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ನೀನು ಹೋಗಪ್ಪಾ. ಇನ್ನು ಇಲ್ಲಿ ನಿಲ್ಲಬೇಡ."

ಹೊನ್ನೂರ ಅಲ್ಲಿಂದ ನೇರ ಕಚೇರಿಗೆ ಹೋಗಿ ಹೊಸ ಹೇಳಿಕೆ ಬರೆದುಕೊಟ್ಟ. ಮೇಲಧಿಕಾರಿ ಕೂಗಾಡಿದರು, ಹೆದರಿಸಿದರು, ಕೊನೆಗೆ ಅವನ ಬಂದೂಕು ಕಸಿದುಕೊಂಡರು. ಮತ್ತೆ ವಿಚಾರಣೆ ಶುರುವಾಗುವುದಿತ್ತು. ಕೆಲಸ ಹೋಗಬಹುದು, ಜೈಲೂ ಆಗಬಹುದು.

ಅವನು ಉಸ್ತಾದರ ಬಳಿ ಬಂದು ನಡೆದದ್ದನ್ನೆಲ್ಲ ಹೇಳಿದ.

ಹೊಸಬರು ಕಲಿಯುವ ಮರದ ಬಂದೂಕೊಂದನ್ನು ಉಸ್ತಾದರು ಅವನ ಕೈಗೆ ಕೊಟ್ಟು ಟೈರ್ ಗೋಡೆಯ ಮನೆಯೊಳಗೆ ಹೋದರು. ಎರಡನೆಯ ಕೋಣೆಯ ರಟ್ಟಿನ ಮನುಷ್ಯನನ್ನು ತೆಗೆದು ಆಚೆ ಇಟ್ಟು, ಆ ಜಾಗದಲ್ಲಿ ತಾವೇ ನಿಂತರು. ಒಂದು ಕೈ ಮೇಲಿತ್ತು. ಇನ್ನೊಂದು ಬೆನ್ನ ಹಿಂದೆ.

"ಬಾ," ಎಂದು ಕೂಗಿದರು.

ಹೊನ್ನೂರ ಮೊದಲ ಕೋಣೆ ದಾಟಿ ನುಗ್ಗಿದ. ಎರಡನೆಯ ಬಾಗಿಲಲ್ಲಿ ಗಕ್ಕನೆ ನಿಂತ. ಬಂದೂಕು ಉಸ್ತಾದರ ಎದೆಗೆ ನೆಟ್ಟಿತ್ತು, ಬೆರಳು ಟ್ರಿಗರ್ ಮೇಲಿತ್ತು. ಅವನು ಒತ್ತಲಿಲ್ಲ.

"ಕೈ ತೋರಿಸಿ!"

ಉಸ್ತಾದರ ಬಿಳಿ ಮೀಸೆ, ಬೆವರಿದ ಕತ್ತು, ಅಂಗಿಯ ಕಿತ್ತುಹೋದ ಗುಂಡಿ ಎಲ್ಲವೂ ಅವನಿಗೆ ಕಾಣುತ್ತಿದ್ದವು.

"ಕೈ ತೋರಿಸಿ, ಉಸ್ತಾದರೇ!"

ಬೆನ್ನ ಹಿಂದಿನ ಕೈ ಮುಂದೆ ಬಂತು. ಅದರಲ್ಲಿ ಮರದ ಪಿಸ್ತೂಲಿತ್ತು. ಉಸ್ತಾದರು ಅದರ ತುದಿಯನ್ನು ಹೊನ್ನೂರನ ಎದೆಗೆ ಒತ್ತಿ ಹಿಡಿದರು.

ಹೊನ್ನೂರ ಬಂದೂಕು ಕೆಳಗಿಳಿಸಿದ.

"ಹೀಗೆ ನಿಂತು ನೋಡಿದರೆ ನಾನು ಸಾಯ್ತೀನಲ್ಲ, ಉಸ್ತಾದರೇ?"

"ಸಾಯಬಹುದು," ಎಂದರು ಉಸ್ತಾದರು. "ದೇವೇಂದ್ರಪ್ಪ ಖಾಕಿ ಹಾಕಿರಲಿಲ್ಲ, ಹೊನ್ನೂರ. ನಾವು ಹಾಕಿದ್ದೇವೆ."