ಮಾಷ್ಟ್ರ ಹತ್ತಿರ ಕೇಳುವುದು ಹೇಗೆ

ಹೊಳೆ ಕಡಲಿಗೆ ಸೇರುವ ಕಡೆ ಒಂದು ಬ್ಯಾಂಕು. ಅಲ್ಲಿ ಗುಲಾಬಿ ಮೇಡಂ ಅಂತ ಒಬ್ಬರು. ಊರೂರು ವರ್ಗವಾಗಿ, ಎಂಥೆಂಥ ಕಳ್ಳರನ್ನೂ ಎಂಥೆಂಥ ಸಾಧುಗಳನ್ನೂ ಕೌಂಟರಿನ ಈಚೆಯಿಂದ ನೋಡಿ, ಕೊನೆಗೆ ಈ ಹೊಳೆಬದಿಗೆ ಬಂದು ಕೂತವರು. ಚೆಕ್ಕು ಪಾಸು ಮಾಡುವುದು ಅವರ ಕೆಲಸ.

ಅವರ ಕೈಕೆಳಗೆ ಕೆಲಸ ಕಲಿಯಲು ಬಂದವನು ಸುಕೇಶ. ಇದೇ ಊರಿನವನು. ನಿಯಮಗಳೆಲ್ಲ ಬಾಯಿಪಾಠ.

ಬಂದ ದಿನವೇ ಕೇಳಿದ: "ಮೇಡಂ, ಯಾರ ಮೇಲೆ ಸಂಶಯ ಪಡಬೇಕು?"

"ಯಾರ ಮೇಲೂ ಬೇಡ."

"ಹಾಗಾದರೆ ಪ್ರಶ್ನೆ ಯಾರಿಗೆ ಕೇಳಬೇಕು?"

"ಎಲ್ಲರಿಗೂ."

"ದೇವರಂಥವರಿಗೂ?"

"ದೇವಸ್ಥಾನದ ಖಾತೆಗೂ ಪ್ಯಾನ್ ಕಾರ್ಡ್ ಉಂಟು ಮಾರಾಯ. ಹೋಗು, ಚಾ ಕುಡಿದು ಬಾ."

ಚಾ ಅವನಿಗೆ ಅರ್ಥವಾಯಿತು. ಉಳಿದದ್ದು ಆಗಲಿಲ್ಲ.

ಒಂದು ದಿನ ಮೀನು ಮಾರುವ ಅಪ್ಪಿಯಕ್ಕ ಸೆರಗಿನ ಗಂಟು ಬಿಚ್ಚಿ ನೋಟಿನ ಕಟ್ಟನ್ನು ಕೌಂಟರಿನ ಮೇಲಿಟ್ಟಳು. ಸುಕೇಶ ಕಟ್ಟನ್ನು ನೋಡಿದ. ಅವಳನ್ನು ನೋಡಿದ.

"ಇಷ್ಟು ಹಣ ಎಲ್ಲಿಂದ ಬಂತು?"

"ಸಮುದ್ರದಿಂದ."

"ಸರಿಯಾಗಿ ಹೇಳಿ. ನಿಯಮ ಉಂಟು, ಕೇಳಲೇಬೇಕು."

"ಹಾಗಾದರೆ ಬಂಗುಡೆಯ ಹತ್ತಿರ ಹೋಗಿ ಕೇಳು ಮಗ. ನಾನು ಬರೀ ಮಾರಿದ್ದು."

ಸಾಲಿನಲ್ಲಿದ್ದವರು ನಕ್ಕರು. ಸುಕೇಶ ನಗಲಿಲ್ಲ. ಅವಳ ಪ್ಯಾನ್ ಕಾರ್ಡಿನ ಫೋಟೋವನ್ನೂ ಮುಖವನ್ನೂ ಎರಡೆರಡು ಸಲ ಹೋಲಿಸಿ ನೋಡಿ, ಆಮೇಲೆ ಹಣ ತೆಗೆದುಕೊಂಡ.

ಗುಲಾಬಿ ಮೇಡಂ ಕೂತಲ್ಲಿಂದ ಎಲ್ಲ ನೋಡಿದರು. ಅಪ್ಪಿಯಕ್ಕ ಹೊರಟಾಗ ಎದ್ದು ಬಾಗಿಲವರೆಗೆ ಹೋದರು. ಮಾತಾಡಿ ಬಂದರು.

"ಚೀಟಿ ಹಣ ಎತ್ತಿದ್ದಂತೆ. ಮಗಳ ಬಾಣಂತನಕ್ಕೆ."

"ನಾನು ಅಷ್ಟು ಕೇಳಿದರೂ ಹೇಳಲಿಲ್ಲವಲ್ಲ ಮೇಡಂ?"

"ನೀನು ಹಣವನ್ನು ವಿಚಾರಿಸಿದೆ. ನಾನು ಅವಳನ್ನು ವಿಚಾರಿಸಿದೆ."

ಸುಕೇಶ ಆ ಮಾತನ್ನು ಡೈರಿಯಲ್ಲಿ ಬರೆದುಕೊಳ್ಳಲು ಪೆನ್ನು ತೆಗೆದ. ಮೇಡಂ ಪೆನ್ನನ್ನು ಕಿತ್ತು ತಮ್ಮ ಜಡೆಗೆ ಸಿಕ್ಕಿಸಿಕೊಂಡು ಕೆಲಸಕ್ಕೆ ಕೂತರು.

ಮಳೆ ಬಿಟ್ಟ ಒಂದು ಬೆಳಿಗ್ಗೆ ದೂರದ ಊರಿನ ಯಾವುದೋ ಬ್ಯಾಂಕಿಗೆ ಹಾಕಿದ ಚೆಕ್ಕೊಂದರ ಚಿತ್ರ ಸುಕೇಶನ ಕಂಪ್ಯೂಟರಿಗೆ ಬಂತು. ಈಗೆಲ್ಲ ಹಾಗೇ. ಕಾಗದ ಹಾಕಿದಲ್ಲೇ ಉಳಿಯುತ್ತದೆ, ಚಿತ್ರ ಮಾತ್ರ ಬರುತ್ತದೆ. ಗಡುವಿನೊಳಗೆ ಬೇಡ ಅನ್ನದಿದ್ದರೆ ಹಣ ಹೋದಂತೆಯೇ.

ನಾಲ್ಕು ಲಕ್ಷ ಎಂಬತ್ತು ಸಾವಿರ. ಸಹಿ ಜಿನರಾಜ ಮಾಷ್ಟ್ರದ್ದು.

ಊರಿಗೆಲ್ಲ ಅಕ್ಷರ ಕಲಿಸಿದವರು ಜಿನರಾಜ ಮಾಷ್ಟ್ರು. ಸುಕೇಶನಿಗೂ. ಹೆಂಡತಿಯ ಮಂಡಿ ಆಪರೇಷನ್ನಿಗೆಂದು ಅವರು ಠೇವಣಿ ಮುರಿದದ್ದು ಮೊನ್ನೆ ಮೊನ್ನೆ. ಮುರಿಸಿಕೊಟ್ಟವನು ಅವನೇ. ಈ ಚೆಕ್ಕು ಹೋದರೆ ಖಾತೆಯಲ್ಲಿ ಉಳಿಯುವುದು ಚಿಲ್ಲರೆ.

ಆಸ್ಪತ್ರೆಗೇ ಇರಬೇಕು ಅಂದುಕೊಂಡ. ಪಾಸು ಮಾಡಲು ಹೋದ.

"ಫೋನ್ ಮಾಡಿದೆಯಾ?" ಮೇಡಂ ಹಿಂದೆ ನಿಂತಿದ್ದರು.

"ಯಾರಿಗೆ? ಮಾಷ್ಟ್ರಿಗಾ?"

"ದೊಡ್ಡ ಚೆಕ್ಕಾದರೆ ಬರೆದವರನ್ನು ಕೇಳಬೇಕು. ನಿನಗೆ ಬಾಯಿಪಾಠ ಉಂಟಲ್ಲ?"

"ಅವರು ನನಗೆ ಅ ಆ ಬರೆಸಿದವರು ಮೇಡಂ. ಅವರ ಹತ್ತಿರ ಹೇಗೆ ಕೇಳುವುದು? ದಾರಿಯಲ್ಲಿ ಸಿಕ್ಕಿದರೆ ಈಗಲೂ ಬೈಕಿನಿಂದ ಇಳಿಯುತ್ತೇನೆ."

"ಫೋನಿನಲ್ಲಿ ಇಳಿಯುವ ಕೆಲಸ ಇಲ್ಲ. ಕೂತೇ ಮಾಡು."

ಸುಕೇಶ ಎದ್ದು ನಿಂತು ಫೋನ್ ಮಾಡಿದ.

"ಮಾಷ್ಟ್ರೇ, ನಾನು ಸುಕೇಶ, ಬ್ಯಾಂಕಿನಿಂದ. ನಿಮ್ಮದೊಂದು ಚೆಕ್ಕು ಬಂದಿದೆ. ಸಹಿ ನಿಮ್ಮದೇ ಅಲ್ವಾ?"

"ಹೇಗೆ ಉಂಟು ಸಹಿ?"

"ಕೆಳಗೆ ಎರಡು ಗೀಟು ಹಾಕಿ..."

"ಮತ್ತೆ ಇನ್ಯಾರದ್ದು? ನನ್ನ ಸಹಿ ಗೊತ್ತಿಲ್ವಾ ನಿನಗೆ? ನಿನ್ನ ಅಪ್ಪನ ಸಹಿಯನ್ನು ನೀನೇ ಹಾಕಿ ತಂದಾಗ ಹಿಡಿದವ ನಾನು. ಈಗ ನನ್ನದನ್ನು ಹಿಡಿಯುವವ ನೀನಾ? ಇಡು ಫೋನು!"

ಇಟ್ಟವರು ಅವರೇ.

ಸುಕೇಶನ ಕಿವಿ ಕೆಂಪಾಗಿತ್ತು. "ಸಹಿ ಅವರದ್ದೇ ಅಂತೆ ಮೇಡಂ. ಪಾಸು ಮಾಡುತ್ತೇನೆ."

"ನೀನು ಎಂತ ಕೇಳಿದ್ದು?"

"ಸಹಿ ನಿಮ್ಮದಾ ಅಂತ."

"ಅದು ಅವರದ್ದೇ ಅಂತ ನೋಡಿದ ಕೂಡಲೇ ಗೊತ್ತಾಗಲಿಲ್ವಾ ನಿನಗೆ?"

"ಆಗಿತ್ತು."

"ಗೊತ್ತಿದ್ದದ್ದನ್ನು ಕೇಳಿ ಬೈಸಿಕೊಂಡೆ. ಗೊತ್ತಿಲ್ಲದ್ದು ಯಾವುದು?"

ಸುಕೇಶ ಮತ್ತೆ ಚಿತ್ರ ನೋಡಿದ. ಹಣ ಹೋಗುವುದು ಯಾವುದೋ ಟ್ರೇಡರ್ಸ್ ಹೆಸರಿಗೆ. ಆಸ್ಪತ್ರೆಯ ಹೆಸರು ಎಲ್ಲೂ ಇರಲಿಲ್ಲ.

"ಯಾರಿಗೆ ಕೊಟ್ಟರು ಅಂತ. ಎಷ್ಟು ಕೊಟ್ಟರು ಅಂತ."

"ಹೂಂ."

"ಇನ್ನೊಂದು ಸಲ ಮಾಡಿದರೆ ಅವರು ಜನ್ಮದಲ್ಲಿ ನನ್ನ ಮುಖ ನೋಡಲಿಕ್ಕಿಲ್ಲ. ನನ್ನ ಮದುವೆಗೂ ಬರಲಿಕ್ಕಿಲ್ಲ."

"ಒಂದು ಊಟ ಉಳೀತು."

"ತಮಾಷೆ ಅಲ್ಲ ಮೇಡಂ. ನೀವೇ ಒಮ್ಮೆ ಮಾಡಿ ನೋಡಿ. ನಿಮಗೆ ಬೈಯುವುದಿಲ್ಲ."

"ನಾನು ಮಾಡಬಹುದು," ಅಂದರು ಗುಲಾಬಿ ಮೇಡಂ. "ನನಗೆ ಅವರು ಯಾರೂ ಅಲ್ಲ."

ಫೋನನ್ನು ಎತ್ತಲಿಲ್ಲ. ಬೆರಳಿನಿಂದ ಅವನ ಕಡೆಗೆ ಸ್ವಲ್ಪ ಸರಿಸಿದರು.

ಗಡುವು ಹತ್ತಿರ ಬರುತ್ತಿತ್ತು. ಸುಕೇಶ ಫೋನನ್ನು ನೋಡಿದ. ಮಾಷ್ಟ್ರ ಹೆಂಡತಿ ಗೋಡೆ ಹಿಡಿದು ಒಂದೊಂದೇ ಹೆಜ್ಜೆ ಇಟ್ಟು ಬಂದು, ಠೇವಣಿಯ ಕಾಗದ ಕೊಟ್ಟದ್ದು ನೆನಪಾಯಿತು. ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ನಂಬರು ಒತ್ತಿದ.

"ಮತ್ತೆ ನೀನಾ?"

"ಬೈಯಿರಿ ಮಾಷ್ಟ್ರೇ. ಬೈದಾದ ಮೇಲೆ ಹೇಳಿ. ಯಾರಿಗೆ ಬರೆದದ್ದು? ಎಷ್ಟಕ್ಕೆ?"

ಆಚೆ ಕಡೆ ಒಂದು ದೀರ್ಘ ಉಸಿರು. "ಅನಾಥಾಶ್ರಮಕ್ಕೆ ಅಂತ ಒಬ್ಬ ರಸೀದಿ ಪುಸ್ತಕ ಹಿಡಿದುಕೊಂಡು ಬಂದಿದ್ದ. ಪಾಪ, ಮಳೆಯಲ್ಲಿ ನೆನೆದಿದ್ದ. ಕೈಯಲ್ಲಿ ನೋಟು ಇರಲಿಲ್ಲ, ಚೆಕ್ಕು ಕೊಟ್ಟೆ. ನನ್ನ ಇಂಕ್ ಪೆನ್ನಿನಲ್ಲಿ ಚಂದ ಮಾಡಿ ಬರೆದೆ, ಐನೂರ ಒಂದು. ಎಂತಕ್ಕೆ? ಐನೂರ ಒಂದು ಇಲ್ವಾ ನನ್ನ ಖಾತೆಯಲ್ಲಿ?"

ಸುಕೇಶ ಚಿತ್ರದ ಮೇಲಿನ ಮೊತ್ತವನ್ನು ಇನ್ನೊಮ್ಮೆ ನೋಡಿದ.

"ಮಾಷ್ಟ್ರೇ, ಇದರಲ್ಲಿ ನಾಲ್ಕು ಲಕ್ಷ ಎಂಬತ್ತು ಸಾವಿರ ಅಂತ ಉಂಟು. ಹೆಸರೂ ಬೇರೆ. ನಿಮ್ಮ ಸಹಿಯೊಂದನ್ನು ಬಿಟ್ಟು ಉಳಿದ ಇಂಕನ್ನೆಲ್ಲ ತೊಳೆದು ಬೇರೆ ಬರೆದಿದ್ದಾರೆ ಅಂತ ಕಾಣುತ್ತದೆ."

ಮಾಷ್ಟ್ರು ಮೆಲ್ಲಗೆ, ಸುಕೇಶ ಎಂದೂ ಕೇಳದ ದನಿಯಲ್ಲಿ ಅಂದರು:

"ಕೊಡಬೇಡ ಮಗ."

ಸುಕೇಶ ಚೆಕ್ಕನ್ನು ವಾಪಸು ಕಳಿಸಿದ. ಕುರ್ಚಿಯಲ್ಲಿ ಕೂತ. ಮೇಡಂ ಅವನ ಮುಂದೆ ಒಂದು ಲೋಟ ನೀರಿಟ್ಟು ಹೋದರು.

ಮಧ್ಯಾಹ್ನ ಮಾಷ್ಟ್ರೇ ಬ್ಯಾಂಕಿಗೆ ಬಂದರು. ಅಂಗಿಯ ಗುಂಡಿ ಮೇಲೆ ಕೆಳಗೆ ಆಗಿತ್ತು. ಪೊಲೀಸರಿಗೆ ಕೊಡುವ ದೂರನ್ನು ಮೇಡಮ್ಮೇ ಕೂತು ಬರೆಸಿದರು. ಸಹಿ ಹಾಕಲು ಮಾಷ್ಟ್ರು ಜೇಬಿನಿಂದ ಇಂಕ್ ಪೆನ್ನು ತೆಗೆದು, ಒಮ್ಮೆ ಅದನ್ನೇ ನೋಡಿ, ಮತ್ತೆ ಜೇಬಿಗೆ ಹಾಕಿಕೊಂಡರು. ಮೇಡಂ ಬಾಲ್ ಪೆನ್ನು ಕೊಟ್ಟರು.

"ಅವಳಿಗೆ ಹೇಳಿಲ್ಲ," ಅಂದರು ಮಾಷ್ಟ್ರು. "ಆಪರೇಷನ್ ಆದ ಮೇಲೆ ಹೇಳುತ್ತೇನೆ."

ಸುಕೇಶ ಗೋಡೆಗೆ ಒತ್ತಿ ನಿಂತಿದ್ದ, ಕೈಕಟ್ಟಿಕೊಂಡು. ಮಾಷ್ಟ್ರು ಅವನ ಕಡೆ ತಿರುಗಿದರು.

"ಅಷ್ಟು ಬೈದ ಮೇಲೂ ಮತ್ತೆ ಫೋನ್ ಎಂತಕ್ಕೆ ಮಾಡಿದೆ?"

ಸುಕೇಶ ನೆಲ ನೋಡಿಕೊಂಡು ಹೇಳಿದ, "ನಿಮ್ಮ ಉತ್ತರ ಸಾಲಲಿಲ್ಲ ಮಾಷ್ಟ್ರೇ."

ಮಾಷ್ಟ್ರು ಅವನನ್ನೇ ನೋಡಿದರು. ಬೈಗುಳ ಬರುತ್ತದೆ ಎಂದು ಅವನು ಕಾದ. ಮಾಷ್ಟ್ರು ಅವನ ಕೆನ್ನೆಯನ್ನು ಒಮ್ಮೆ ತಟ್ಟಿ ಮೇಡಂ ಕಡೆ ತಿರುಗಿದರು.

"ಶಾಲೆ ಮುಗಿಯುವವರೆಗೆ ನನ್ನ ಕ್ಲಾಸಿನಲ್ಲಿ ಕೂತವ ಇವ. ಒಂದು ದಿನವೂ ಕೈ ಎತ್ತಿ ಒಂದು ಪ್ರಶ್ನೆ ಕೇಳಿದವನಲ್ಲ. ಅಷ್ಟು ಹೆದರಿಕೆ. ನೀವು ಅದನ್ನು ಹೇಗೆ ಬಿಡಿಸಿದಿರಿ?"

ಗುಲಾಬಿ ಮೇಡಂ ಮುಂದಿನ ಚೆಕ್ಕಿನ ಕಡೆ ಕಣ್ಣು ಹಾಯಿಸಿದರು.

"ಹೆದರಿಕೆ ಎಲ್ಲಿ ಬಿಟ್ಟಿತು ಮಾಷ್ಟ್ರೇ? ಮೊದಲು ನಿಮಗೆ ಹೆದರುತ್ತಿದ್ದ. ಇವತ್ತು ನಿಮಗಾಗಿ ಹೆದರಿದ."